ಪೊಲೀಸರ ಮೇಲೇ ಕೈ ಮಾಡುವಾಗ ಸುತ್ತ ನಿಂತವರು ಏನು ಮಾಡಬೇಕು?

ಪ್ರಶ್ನೆ: ನಮ್ಮೂರ ಸಂತೆಯಲ್ಲಿ ಜಗಳ ಬಿಡಿಸಲು ಬಂದ ಕಾನ್‌ಸ್ಟೆಬಲ್ ಒಬ್ಬರನ್ನು ಕುಡಿದಿದ್ದ ಇಬ್ಬರು ಕೆಡವಿ ಹೊಡೆದರು. ಅವರು ‘ಹಿಡ್ಕೊಳ್ರೀ ಇವನ್ನ’ ಎಂದು ಕೂಗುತ್ತಿದ್ದರೂ ಜನ ಮೊಬೈಲ್ ಹಿಡಿದು ನಿಂತಿದ್ದರು. ನಾನು ಮುಂದೆ ಹೆಜ್ಜೆ ಇಟ್ಟಾಗ, ‘ಸ್ಟೇಷನ್ ಸಹವಾಸ ಬೇಡ’ ಎಂದು ಅಪ್ಪ ಎಳೆದುಕೊಂಡು ಬಂದರು. ನೆರವಾಗದಿದ್ದರೆ ಅಪರಾಧವೇ? ನೆರವಾಗಿದ್ದರೆ ನನ್ನ ಮೇಲೇ ಕೇಸ್ ಬೀಳುತ್ತಿತ್ತೇ?
– ಓದುಗ, ಹಾವೇರಿ ಜಿಲ್ಲೆ

ವಕೀಲರ ಉತ್ತರ: ಆ ಕಾನ್‌ಸ್ಟೆಬಲ್ ‘ಹಿಡ್ಕೊಳ್ರೀ’ ಎಂದು ಕೂಗಿದರಲ್ಲ, ಕಾನೂನಿನ ಲೆಕ್ಕ ಬದಲಾಗುವುದು ಅಲ್ಲೇ. ಪೊಲೀಸರು ಅಪಾಯದಲ್ಲಿದ್ದಾರೆ ಎಂದ ಮಾತ್ರಕ್ಕೆ ದಾರಿಹೋಕರು ನುಗ್ಗಲೇಬೇಕು ಎಂಬ ನಿಯಮವಿಲ್ಲ. ಅವರು ಬಾಯಿಬಿಟ್ಟು ಕೇಳಿದರೆ ಮಾತು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 31ನೇ ಕಲಂ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 37) ಪ್ರಕಾರ, ಬಂಧಿಸಬೇಕಾದವನನ್ನು ಹಿಡಿಯಲು, ಅವನು ತಪ್ಪಿಸಿಕೊಳ್ಳದಂತೆ ತಡೆಯಲು ಅಥವಾ ಶಾಂತಿಭಂಗ ನಿಲ್ಲಿಸಲು ಪೊಲೀಸರು ಯುಕ್ತವಾಗಿ ಕೇಳಿದಾಗ ನೆರವಾಗುವುದು ಸಾರ್ವಜನಿಕರ ಕರ್ತವ್ಯ. ಬೇಕೆಂದೇ ಸುಮ್ಮನಿದ್ದರೆ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 222ನೇ ಕಲಂ ಅನ್ವಯವಾಗುತ್ತದೆ. ಆರು ತಿಂಗಳವರೆಗೆ ಸಾದಾ ಸೆರೆವಾಸ, ₹5,000ವರೆಗೆ ದಂಡ, ಇಲ್ಲವೇ ಎರಡೂ. ಹಾಗೆಂದು ಗಾಬರಿಯಾಗಬೇಡಿ. ಈ ಕಲಮಿನ ಕೇಸ್ ಕೋರ್ಟ್ ಮೆಟ್ಟಿಲು ಹತ್ತುವುದು ಅಪರೂಪ. ಸಂತೆಗೆ ಸಂತೆಯನ್ನೇ ಆರೋಪಿ ಮಾಡಲಾದೀತೇ? ‘ಯುಕ್ತವಾಗಿ’ ಎಂಬ ಮಾತನ್ನೂ ಗಮನಿಸಿ. ಮಚ್ಚು ಬೀಸುತ್ತಿರುವವನ ಮೇಲೆ ಬರಿಗೈಯಲ್ಲಿ ಬೀಳು ಎಂದು ಕೇಳುವುದು ಯುಕ್ತವಲ್ಲ ಎಂಬುದು ನನ್ನ ಅಭಿಪ್ರಾಯ. ಇಬ್ಬರು ಕುಡುಕರ ರಟ್ಟೆಯನ್ನು ನಾಲ್ಕು ಜನ ಸೇರಿ ಹಿಡಿಯುವುದು ಖಂಡಿತ ಯುಕ್ತ.

ಇನ್ನು ನಿಮ್ಮ ಮೇಲೆ ಕೇಸ್ ಬೀಳುವ ಭಯ. ನ್ಯಾಯ ಸಂಹಿತೆಯ 35ನೇ ಕಲಂ ಸ್ವಂತ ದೇಹವನ್ನಷ್ಟೇ ಅಲ್ಲ, ಬೇರೆಯವರ ದೇಹವನ್ನೂ ರಕ್ಷಿಸುವ ಹಕ್ಕು ಕೊಟ್ಟಿದೆ. ಆ ಬೇರೆಯವರು ಖಾಕಿ ತೊಟ್ಟಿದ್ದರೂ ಅಷ್ಟೇ. ಎಡವಟ್ಟಾಗುವುದು ಆಮೇಲೆ. ಆರೋಪಿ ಕೈಗೆ ಸಿಕ್ಕಿದ, ಅಪಾಯ ಮುಗಿಯಿತು. ಆಗ ಕಂಬಕ್ಕೆ ಕಟ್ಟಿ ಧರ್ಮದೇಟು ಕೊಡಲು ನಿಂತಿರೋ, ರಕ್ಷಣೆಯ ಹಕ್ಕು ಅಲ್ಲಿಗೆ ಮುಗಿಯಿತು, ನೀವೂ ಆರೋಪಿಗಳ ಸಾಲಿಗೆ ಸೇರಿದಿರಿ. ಪೊಲೀಸರಿಗೇ ಹೊಡೆದವನು ಎಂಬುದು ವಿನಾಯಿತಿಯಲ್ಲ. ನಿಮ್ಮ ಕಣ್ಣೆದುರೇ ಜಾಮೀನುರಹಿತ, ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ಮಾಡಿದವನನ್ನು ನೀವೇ ಹಿಡಿದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು.

ಮಫ್ತಿಯಲ್ಲಿರುವವರ ವಿಷಯ ತುಸು ತೊಡಕಿನದು. ಇಬ್ಬರು ಹೊರಳಾಡುತ್ತಿದ್ದರೆ ಪೊಲೀಸ್ ಯಾರು, ಕಳ್ಳ ಯಾರು? ಸದ್ಭಾವನೆಯಿಂದ, ಕಂಡದ್ದನ್ನು ತಪ್ಪಾಗಿ ತಿಳಿದು ಮಧ್ಯೆ ಹೋದವರಿಗೆ ನ್ಯಾಯ ಸಂಹಿತೆಯ 17ನೇ ಕಲಂ ರಕ್ಷಣೆ ಕೊಡುತ್ತದೆ. ಕೊಲೆ ನಡೆಯುತ್ತಿದೆ ಎಂದು ಭಾವಿಸಿ ಒಬ್ಬನನ್ನು ಹಿಡಿದೊಪ್ಪಿಸಲು ಹೋದ. ಹಿಡಿದದ್ದು ಆತ್ಮರಕ್ಷಣೆಗೆ ಹೋರಾಡುತ್ತಿದ್ದವನನ್ನು ಎಂದು ಆಮೇಲೆ ತಿಳಿಯಿತು. ಹಿಡಿದವನದು ಅಪರಾಧವಲ್ಲ ಎಂದು ಆ ಕಲಮಿನ ಉದಾಹರಣೆಯೇ ಹೇಳುತ್ತದೆ. ಆದರೂ ನನ್ನ ಸಲಹೆ: ಬಿಡಿಸಿ, ಬಡಿಯಬೇಡಿ.

ಮೈಮೇಲೆ ಬೀಳುವ ಧೈರ್ಯವಿಲ್ಲದವರು 112ಕ್ಕೆ ಕರೆ ಮಾಡಿ ಜಾಗದ ಗುರುತು ಹೇಳಿದರೂ ಅದು ನೆರವೇ. ಇರಿತವಾಗಿದ್ದರೆ ಚಾಕುವನ್ನು ಕೀಳಬೇಡಿ. ಗಾಯದ ಸುತ್ತ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ನಿಮ್ಮ ತಂದೆ ಹೆದರಿದ್ದು ಹೊಡೆದಾಟಕ್ಕಿಂತ ಹೆಚ್ಚಾಗಿ ಆಮೇಲಿನ ಅಲೆದಾಟಕ್ಕೆ ಎಂದು ಕಾಣುತ್ತದೆ. ಅದು ಸುಳ್ಳು ಭಯವೇನಲ್ಲ. ಸಾಕ್ಷಿ ಎಂದಮೇಲೆ ಸಮನ್ಸ್ ಬರುತ್ತದೆ, ವಾಯಿದೆ ಮುಂದಕ್ಕೆ ಹೋಗುತ್ತದೆ. ಆದರೆ ಪೊಲೀಸರ ಮೇಲಿನ ಹಲ್ಲೆಯ ಕೇಸಿನಲ್ಲಿ ಸಾರ್ವಜನಿಕರೆಲ್ಲ ಹಾಸ್ಟೈಲ್ ಆಗಿ (ಮೊದಲು ಕೊಟ್ಟ ಹೇಳಿಕೆಗೆ ಕೋರ್ಟಿನಲ್ಲಿ ತಿರುಗಿಬಿದ್ದು) ಪೊಲೀಸರಷ್ಟೇ ಸಾಕ್ಷಿಗಳಾಗಿ ಉಳಿದರೆ, ನಾವು ಆರೋಪಿ ಪರ ವಕೀಲರು ಮೊದಲು ಹಿಡಿಯುವುದೇ ಆ ಎಳೆಯನ್ನು. ಸಂತೆಯ ಒಬ್ಬ ಬಳೆ ವ್ಯಾಪಾರಿ ಕಂಡದ್ದನ್ನು ನೆಟ್ಟಗೆ ಹೇಳಿದರೆ ನಮ್ಮ ಪಾಟೀಸವಾಲು ಅರ್ಧ ಸೋತಂತೆ. ತನಿಖಾಧಿಕಾರಿ ಬರೆದುಕೊಳ್ಳುವ ಹೇಳಿಕೆಗೆ ನೀವು ಸಹಿ ಹಾಕಬೇಕಿಲ್ಲ. ಮಹಿಳೆಯರನ್ನು, 60 ದಾಟಿದ ಗಂಡಸರನ್ನು ಹೇಳಿಕೆಗಾಗಿ ಸ್ಟೇಷನ್‌ಗೆ ಬನ್ನಿ ಎಂದು ಒತ್ತಾಯಿಸುವಂತಿಲ್ಲ. ಪೊಲೀಸರೇ ಮನೆಗೆ ಬರಬೇಕು. ನಿಮ್ಮ ತಂದೆಗೆ ಅಷ್ಟು ವಯಸ್ಸಾಗಿದ್ದರೆ ಇದನ್ನು ತಿಳಿಸಿ.

ಆ ವಿಡಿಯೊ ಯಾರ ಬಳಿ ಇದ್ದರೂ ಅಳಿಸದಿರಲಿ, ಕತ್ತರಿಸಿ ಸ್ಟೇಟಸ್‌ಗೆ ಹಾಕದಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಊರೆಲ್ಲ ಸುತ್ತಿ ಬಂದ ನಕಲಿಗಿಂತ, ಚಿತ್ರಿಸಿದ ಮೊಬೈಲ್‌ನಲ್ಲೇ ಇರುವ ಮೂಲ ಫೈಲ್ ತನಿಖಾಧಿಕಾರಿಗೆ ಸಿಗಬೇಕು. ಅದರ ಜೊತೆಗೆ ವಿಡಿಯೊದಂಥ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಕೊಡುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರ ನಮೂನೆಯನ್ನು ಸ್ಟೇಷನ್‌ನಲ್ಲೇ ಕೇಳಿ.