ಸರ್ಕ್ಯೂಟ್ ಲೆಕ್ಕದ ಏಕಕಾಲಿಕ ಸಮೀಕರಣಗಳನ್ನು ಮ್ಯಾಟ್ರಿಕ್ಸ್‌ನಿಂದ ಬಿಡಿಸುವುದೇ, ಅದಿಲ್ಲದೆ ಬಿಡಿಸುವುದೇ?

ಏಣಿಯಂತಿರುವ ಮೂರು ಮೆಶ್‌ಗಳ (ಅಂದರೆ ಮುಚ್ಚಿದ ಮೂರು ಸುತ್ತುಗಳ) ಸರ್ಕ್ಯೂಟಿಗೆ, ಮ್ಯಾಟ್ರಿಕ್ಸಿನಿಂದ ಬರುವ ಡಿಟರ್ಮಿನೆಂಟ್ ಎಂಬ ಸಂಖ್ಯೆಗಳನ್ನು ಭಾಗಿಸಿ ಉತ್ತರ ಪಡೆಯುವ ಕ್ರೇಮರ್ ನಿಯಮವೋ, ಸಮೀಕರಣಗಳನ್ನು ಕೂಡಿ-ಕಳೆದು ಒಂದೊಂದೇ ಅಜ್ಞಾತವನ್ನು ತೆಗೆಯುವ ಹತ್ತನೇ ತರಗತಿಯ ವರ್ಜಿಸುವ ವಿಧಾನವೋ ಎಂದು ಕೇಳಿದ್ದೀರಿ. ಮೂರನೇ ಸೆಮಿಸ್ಟರಿನಲ್ಲಿ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಕುಳಿತಿತ್ತು. ಬೇಗ ಮುಗಿಯುತ್ತದೆ ಎಂದು ಮ್ಯಾಟ್ರಿಕ್ಸ್ ಹಿಡಿದೆ, ಕ್ಯಾಲ್ಕುಲೇಟರಿನ ಸಮೀಕರಣದ ಗುಂಡಿಗಳು ಬೆರಳಿಗೆ ಬಾಯಿಪಾಠವಾದವು. ಆದರೂ ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ಫೇಲಾದೆ. ಬ್ಯಾಕ್‌ಲಾಗ್ ಇದ್ದವರನ್ನು ಸಂದರ್ಶನಕ್ಕೇ ಕೂರಿಸದ ಕಂಪನಿಯೊಂದು ಕೈತಪ್ಪಿತು.

ಆ ಪರೀಕ್ಷೆಯಲ್ಲಿ ನಾನು ಎಡವಿದ ಲೆಕ್ಕವನ್ನು ಪೂರ್ತಿ ಹೇಳುತ್ತೇನೆ, ಏಕೆಂದರೆ ಇದೇ ಜಾಗದಲ್ಲಿ ಎಡವುವವರು ಬಹಳ ಮಂದಿ. ಅ, ಬ ಎಂಬ ಎರಡು ನೋಡ್‌ಗಳು. ನೋಡ್ ಎಂದರೆ ತಂತಿಗಳು ಕೂಡುವ ಬಿಂದು. ಈ ಎರಡರ ವೋಲ್ಟೇಜನ್ನೂ ಅ, ಬ ಎಂದೇ ಕರೆಯೋಣ. ಅ ನೋಡಿಗೆ 3 ಆಂಪಿಯರ್ ಮೂಲ. ಅಲ್ಲಿಂದ ಗ್ರೌಂಡಿಗೆ (ವೋಲ್ಟೇಜ್ ಸೊನ್ನೆ ಎಂದು ಹಿಡಿದ ಬಿಂದುವಿಗೆ) 2 ಓಮ್, ಅ ಮತ್ತು ಬ ನಡುವೆ 4 ಓಮ್, ಬ ನೋಡಿನಿಂದ ಗ್ರೌಂಡಿಗೆ 4 ಓಮ್. ಇವಲ್ಲದೆ ಒಂದು ಅವಲಂಬಿತ ಮೂಲ, ಅಂದರೆ ಬೇರೆ ಕಡೆಯ ವೋಲ್ಟೇಜಿಗೆ ತಕ್ಕಂತೆ ಬದಲಾಗುವ ಮೂಲ, ಬ ನೋಡಿನೊಳಕ್ಕೆ 0.5ಅ ಆಂಪಿಯರ್ ತಳ್ಳುತ್ತದೆ.

ನೋಡಿಗೆ ಬರುವ ಕರೆಂಟೂ ಹೋಗುವ ಕರೆಂಟೂ ಸಮ ಎಂದು ಬರೆದು 4ರಿಂದ ಗುಣಿಸಿದರೆ ಮೊದಲ ಸಮೀಕರಣ 3ಅ − ಬ = 12. ಅದು ಸರಿಯಾಗಿತ್ತು. ಎರಡನೆಯದು 2ಬ − ಅ = 2ಅ, ಅಂದರೆ −3ಅ + 2ಬ = 0 ಆಗಬೇಕಿತ್ತು. ನಾನು ಸಮೀಕರಣ ಬರೆಯಲೇ ಇಲ್ಲ. ಚಿತ್ರ ನೋಡುತ್ತ ನೇರವಾಗಿ ಮ್ಯಾಟ್ರಿಕ್ಸ್ ತುಂಬಿದೆ. ಅವಲಂಬಿತ ಮೂಲದ 2ಅ ಎಡಕ್ಕೆ ಬರುವಾಗ ಚಿಹ್ನೆ ಬದಲಾಗಬೇಕು. ಬದಲಿಸದೆ ಸೇರಿಸಿದ್ದರಿಂದ −3 ಇರಬೇಕಾದ ಕಡೆ +1 ಬಂತು. ಕ್ಯಾಲ್ಕುಲೇಟರ್ 3.43 ಮತ್ತು −1.71 ಎಂದು ತೋರಿಸಿತು. ಸರಿಯಾದ ಉತ್ತರ 8 ಮತ್ತು 12.

ನಾನು ತಾಳೆ ನೋಡಲಿಲ್ಲವೇ? ನೋಡಿದೆ. ಬಂದ ಬೆಲೆಗಳನ್ನು ನನ್ನದೇ ಸಮೀಕರಣಗಳಿಗೆ ಹಾಕಿದೆ, ಹೊಂದಿದವು. ಹೊಂದದೆ ಏನು? ಆ ತಾಳೆ ಪರೀಕ್ಷಿಸುವುದು ಕೂಡು-ಕಳೆಯುವ ಲೆಕ್ಕವನ್ನು ಮಾತ್ರ. ಉತ್ತರವನ್ನು ಒಯ್ದು ಚಿತ್ರದಲ್ಲಿ ಬ ನೋಡಿನ ಮೇಲೆ ಇಟ್ಟಿದ್ದರೆ ಸಾಕಿತ್ತು: ಗ್ರೌಂಡಿನಿಂದ 0.43, ಅ ಕಡೆಯಿಂದ 1.29, ಅವಲಂಬಿತ ಮೂಲದಿಂದ 1.71 ಆಂಪಿಯರ್. ಮೂರೂ ಒಳಗೇ ಬರುತ್ತಿವೆ, ಹೊರಗೆ ಹೋಗುವುದು ಒಂದೂ ಇಲ್ಲ! ಬಂದಷ್ಟೇ ಕರೆಂಟು ಹೋಗಬೇಕು ಎಂದು ಕಿರ್ಚಾಫ್ 1845ರಲ್ಲಿ ಹೇಳಿದ ನಿಯಮ ನನ್ನ ಉತ್ತರಪತ್ರಿಕೆಯಲ್ಲಿ ಮುರಿದುಬಿದ್ದಿತ್ತು. ಥೆವೆನಿನ್ (ಸರ್ಕ್ಯೂಟನ್ನು ಒಂದು ಮೂಲ, ಒಂದು ರೆಸಿಸ್ಟರಿಗೆ ಇಳಿಸುವುದು), ಗರಿಷ್ಠ ಶಕ್ತಿ ಎಂದು ಅದೇ ಪ್ರಶ್ನೆಯ ಮುಂದಿನ ಭಾಗಗಳೆಲ್ಲ ಈ ಬೆಲೆಗಳನ್ನೇ ನಂಬಿಕೊಂಡಿದ್ದವು, ಅವೂ ಹೋದವು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವರ್ಜಿಸುವ ವಿಧಾನ ಬೇರೆ, ಮ್ಯಾಟ್ರಿಕ್ಸ್ ಬೇರೆ ಅಲ್ಲ. ಅಕ್ಷರಗಳನ್ನು ಬಿಟ್ಟು ಗುಣಕಗಳನ್ನಷ್ಟೇ ಸಾಲಾಗಿ ಬರೆದರೆ ಅದೇ ಮ್ಯಾಟ್ರಿಕ್ಸ್. 1973ರಲ್ಲಿ ಬರ್ಕ್ಲಿಯಲ್ಲಿ ಹೊರಬಂದ ಸ್ಪೈಸ್ ತಂತ್ರಾಂಶವೂ ದೊಡ್ಡ ದೊಡ್ಡ ಸರ್ಕ್ಯೂಟುಗಳನ್ನು ಬಿಡಿಸುವುದು ಇಂಥ ವರ್ಜಿಸುವಿಕೆಯಿಂದಲೇ, ಕ್ರೇಮರ್ ನಿಯಮದಿಂದಲ್ಲ. ಕ್ರೇಮರ್ ನನ್ನ ಮಟ್ಟಿಗೆ ಎರಡು ಅಜ್ಞಾತಗಳಿಗೆ ಚೆನ್ನ, ಮೂರಕ್ಕೆ ಸಹಿಸಬಹುದು. ನಾಲ್ಕಾದರೆ ನಾಲ್ಕು ಸಾಲಿನ ಐದು ಡಿಟರ್ಮಿನೆಂಟುಗಳು, ದಯವಿಟ್ಟು ಬೇಡ. ಕ್ಯಾಲ್ಕುಲೇಟರನ್ನೇ ನೆಚ್ಚಿಕೊಳ್ಳಲೂ ಬೇಡಿ. ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಪರದೆಯ ಮೇಲೆ ಕೊಡುವ ಕ್ಯಾಲ್ಕುಲೇಟರಿಗೆ ಸಮೀಕರಣ ಬಿಡಿಸಲು ಬರುವುದಿಲ್ಲ.

ಪ್ರತಿ ನೋಡಿಗೂ ಕರೆಂಟಿನ ಸಮೀಕರಣವನ್ನು ಪೂರ್ತಿ ಬರೆಯಿರಿ, ಆಮೇಲೆ ಯಾವ ವಿಧಾನವಾದರೂ ಸರಿ. ಅವಲಂಬಿತ ಮೂಲ ಇಲ್ಲದಿದ್ದರೆ ಮ್ಯಾಟ್ರಿಕ್ಸ್ ಕರ್ಣದ ಎರಡೂ ಕಡೆ ಒಂದೇ ಥರ ಇರಬೇಕು, ಇಲ್ಲವೆಂದರೆ ಎಲ್ಲೋ ತಪ್ಪಿದೆ. ಅವಲಂಬಿತ ಮೂಲ ಇದ್ದರೆ ಈ ಗುರುತು ನಂಬಬೇಡಿ, ಶಕ್ತಿಯ ಲೆಕ್ಕ ಹಾಕಿ. ನನ್ನ ಸರ್ಕ್ಯೂಟಿನಲ್ಲಿ ಮೂಲಗಳು ಕೊಡುವುದು 24 ಮತ್ತು 48 ವ್ಯಾಟ್. ರೆಸಿಸ್ಟರುಗಳು ತೆಗೆದುಕೊಳ್ಳುವುದು 32, 4, 36. ಎರಡೂ ಕಡೆ 72.

ಇನ್ನು ನಿಮ್ಮ ಏಣಿ. ಅದರ ಎಡತುದಿಯಲ್ಲಿ ವೋಲ್ಟೇಜ್ ಮೂಲವಿದೆ ಎಂದಿದ್ದೀರಿ. ಮೂಲದ ಕೆಳತುದಿಯನ್ನು ಗ್ರೌಂಡ್ ಮಾಡಿದರೆ ಮೇಲ್ತುದಿಯ ವೋಲ್ಟೇಜ್ ಗೊತ್ತಾಗಿಯೇಬಿಡುತ್ತದೆ, ಬಲತುದಿಯ ಸರಣಿ ರೆಸಿಸ್ಟರುಗಳನ್ನು ಒಂದಾಗಿ ಕೂಡಿಸಿ. ಉಳಿಯುವುದು ಎರಡೇ ನೋಡ್. ಮೂರು ಮೆಶ್ ಬರೆಯುವ ಅಗತ್ಯವೇ ಇಲ್ಲ.