ಇಂಗ್ಲಿಷ್ ವರದಿಯಲ್ಲಿ ‘ತರಾಟೆಗೆ ತೆಗೆದುಕೊಂಡರು’ ಅಂತ ಬರೆಯುವುದು ಹೇಗೆ?

ಕೋಲಾರದ ಟೊಮೆಟೊ ರೈತರು ಸಭೆಯಲ್ಲಿ ಅಧಿಕಾರಿಯ ಚಳಿ ಬಿಡಿಸಿದರು. ಇದಕ್ಕೆ ‘ಹಾಲ್ಡ್ ಓವರ್ ದ ಕೋಲ್ಸ್’ ಸರಿಯೇ ಅಂತ ಕೇಳಿದ್ದೀರಿ.

ಅದರ ನೇರ ಅರ್ಥ, ಕೆಂಡದ ಮೇಲೆ ಎಳೆದಾಡುವುದು. ಬ್ರಿಟನ್ನಿನವರು ‘ಹಾಲ್’ ಅನ್ನುತ್ತಾರೆ, ಅಮೆರಿಕದವರು ‘ರೇಕ್’. ಆದರೆ ಮೇಲಿನವರು ಕೆಳಗಿನವರನ್ನು ಗದರಿದಾಗಲೇ ಇದು ಜಾಸ್ತಿ ಒಪ್ಪುತ್ತದೆ. ನಿಮ್ಮ ವಾಕ್ಯದಲ್ಲಿ ಬೈದವರು ರೈತರು, ಅಲ್ವಾ? ಹಾಗಾಗಿ ‘ದಿ ಆಫೀಸರ್ ಕೇಮ್ ಅಂಡರ್ ಫೈರ್’, ಅಂದರೆ ಅಧಿಕಾರಿ ಕಟು ಟೀಕೆಗೆ ಗುರಿಯಾದರು, ಎಂದು ಬರೆಯಿರಿ. ಇಲ್ಲಿ ‘ಫೈರ್’ ಅಂದರೆ ಬೆಂಕಿಯಲ್ಲ, ಗುಂಡಿನ ದಾಳಿ. ಅದಕ್ಕೇ ಪಕ್ಕದಲ್ಲಿ ಕೆಂಡ, ಹೊಗೆ ತಂದು ಬೆರೆಸಬೇಡಿ, ಚಿತ್ರ ಕೆಡುತ್ತದೆ.

‘ಸ್ಲ್ಯಾಮ್ಡ್’ (ಕಟುವಾಗಿ ಟೀಕಿಸಿದರು) ಚಿಕ್ಕ ಪದ, ತಲೆಬರಹಕ್ಕೆ ಸಾಕು. ಇಲಾಖೆಗೆ ಬರೆಯುವ ಪತ್ರವಾದರೆ ಸುಮ್ನೆ ‘ಸ್ಟ್ರಾಂಗ್ಲಿ ಕ್ರಿಟಿಸೈಸ್ಡ್’ ಅನ್ನಿ. ಅಲ್ಲಿ ರೂಪಕ ಬೇಡ.