ಹುಡುಗರಿಗೆ ಫುಟ್‌ಬಾಲಿನ 4-4-2 (ಹಿಂದೆ ನಾಲ್ವರು ಬ್ಯಾಕ್, ನಡುವೆ ನಾಲ್ವರು ಮಿಡ್‌ಫೀಲ್ಡರ್, ಮುಂದೆ ಇಬ್ಬರು ಫಾರ್ವರ್ಡ್) ಹೇಳಿಕೊಟ್ಟಿದ್ದೇನೆ, ಆದರೂ ಎಲ್ಲರೂ ಚೆಂಡಿನ ಹಿಂದೆಯೇ ಓಡುತ್ತಾರೆ. ಒಬ್ಬೊಬ್ಬನಿಗೆ ಒಬ್ಬೊಬ್ಬ ಎದುರಾಳಿಯನ್ನು ಹಚ್ಚಿಬಿಡಲೇ?

ಬೇಡ ಸರ್, ಹಚ್ಚಬೇಡಿ. ಬಾಗಲಕೋಟೆ ಕಡೆಯ ಹೈಸ್ಕೂಲು, ಎಂಟು-ಒಂಬತ್ತನೇ ಇಯತ್ತೆಯ ಹುಡುಗರು ಎಂದು ಬರೆದಿದ್ದೀರಿ. ಓದುತ್ತಿದ್ದಂತೆ ನನ್ನ ಹಳೇ ಟೀಮೇ ಕಣ್ಣ ಮುಂದೆ ಬಂತು. ಹಲಗೆಯ ಮೇಲೆ ಬರೆದು ತೋರಿಸಿದಾಗ ಎಲ್ಲರೂ ಹೂಂ ಅನ್ನುತ್ತಾರೆ, ಸೀಟಿ ಊದಿದ ಐದು ನಿಮಿಷಕ್ಕೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಚೆಂಡಿಗೆ ಮುತ್ತುತ್ತಾರೆ.

ನಾನು ಬೆಳಗಾವಿಯಲ್ಲಿ ಸಂಜೆ ಹೊತ್ತು ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತೇನೆ. ಮೊದಲ ಎರಡು ವರ್ಷ ನಾನೂ ಹೀಗೆ ಒಬ್ಬನಿಗೆ ಒಬ್ಬನನ್ನು ಹಚ್ಚುವ ಮ್ಯಾನ್ ಮಾರ್ಕಿಂಗೇ ಮಾಡಿಸಿದೆ. ಒಂದು ಮ್ಯಾಚಿನಲ್ಲಿ ಎದುರಿನ ಫಾರ್ವರ್ಡ್ ಸುಮ್ಮನೆ ಸೈಡ್‌ಲೈನ್ ಕಡೆ ನಡೆದುಹೋದ. ಗೋಲಿನ ಮುಂದೆ ನಡುವೆ ಕಾಯುವ ನಮ್ಮ ಸೆಂಟರ್ ಬ್ಯಾಕ್, ಹೇಳಿದ ಮಾತು ಮೀರದ ಹುಡುಗ, ಅವನ ಬೆನ್ನು ಬಿಡದೆ ಹೋದ. ಗೋಲಿನ ಮುಂದೆ ಎತ್ತಿನ ಗಾಡಿ ಹಾಯುವಷ್ಟು ಜಾಗ ತೆರೆಯಿತು, ಅವರ ಮಿಡ್‌ಫೀಲ್ಡರ್ ನುಗ್ಗಿ ಬಂದು ಗೋಲು ಹೊಡೆದ. ಹೀಗೇ ಮೂರು ಸಲ ಆಯಿತು. ಮುಗಿದ ಮೇಲೆ ಆ ಹುಡುಗ ಅಳುತ್ತ, "ಸರ್, ನೀವು ಹೇಳಿದಂಗ ಮಾಡೀನ್ರಿ, ನನ್ನ ಕಡೆಯಾಂವ ಒಂದೂ ಗೋಲ್ ಹೊಡೀಲಿಲ್ರಿ" ಎಂದ. ಅವನು ಹೇಳಿದ್ದು ಖರೆ, ತಪ್ಪು ಪೂರಾ ನನ್ನದು. ಎದುರಾಳಿಯನ್ನು ನೋಡು ಎಂದು ಕಲಿಸಿದ್ದೆ, ಪಕ್ಕದವನನ್ನು ನೋಡು ಎಂದು ಕಲಿಸಿರಲಿಲ್ಲ.

ನನಗೆ ದಾರಿ ಸಿಕ್ಕಿದ್ದು ಕಬಡ್ಡಿಯಲ್ಲಿ. ನಮ್ಮ ಸೀಮೆಯ ಹುಡುಗರಿಗೆ ಸಾಲು ಕಾಯುವುದು ಗೊತ್ತಿಲ್ಲ ಅನ್ನುವುದೇ ಸುಳ್ಳು. ರೈಡರ್ ಒಳಗೆ ಬಂದಾಗ ಏಳು ಜನ ಹೇಗೆ ಆಡುತ್ತಾರೆ ನೋಡಿ. ಕೈಕೈ ಹಿಡಿದು ಚೈನ್ ಕಟ್ಟಿರುತ್ತಾರೆ. ಅವನು ಎಡ ಕಾರ್ನರಿಗೆ ಬಂದರೆ ಇಡೀ ಸಾಲು ಆ ಕಡೆ ವಾಲುತ್ತದೆ, ಬಲ ಕಾರ್ನರಿನವನೂ ತನ್ನ ಜಾಗದಲ್ಲೇ ಬೇರು ಬಿಟ್ಟು ನಿಲ್ಲುವುದಿಲ್ಲ, ಒಳಗೆ ಸರಿದು ಹಿಂದಿನಿಂದ ಸುತ್ತುಗಟ್ಟುತ್ತಾನೆ. ಒಬ್ಬನೇ ಮುಂದೆ ನುಗ್ಗಿದರೆ ರೈಡರ್ ಮುಟ್ಟಿ ಹೋಗುತ್ತಾನೆ ಎಂಬುದು ಐದನೇ ಇಯತ್ತೆಯ ಪೋರನಿಗೂ ಗೊತ್ತು. ಫುಟ್‌ಬಾಲಿನಲ್ಲಿ ರೈಡರಿನ ಜಾಗಕ್ಕೆ ಚೆಂಡು ಬಂದಿದೆ ಅಂತ ಹೇಳಿ, ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಮೈದಾನದಲ್ಲಿ ಹೀಗೆ ಮಾಡಿ. ನಾಲ್ವರು ಬ್ಯಾಕ್‌ಗಳನ್ನು ಸಾಲಾಗಿ ನಿಲ್ಲಿಸಿ, ಒಬ್ಬರಿಂದೊಬ್ಬರಿಗೆ ಎಂಟು-ಹತ್ತು ಮೀಟರ್ ಉದ್ದದ ಹಗ್ಗ ಹಿಡಿಸಿ. ಅವರ ಮುಂದೆ ಹತ್ತು-ಹನ್ನೆರಡು ಮೀಟರಿಗೆ ನಾಲ್ವರು ಮಿಡ್‌ಫೀಲ್ಡರ್‌ಗಳು, ಅವರಿಗೂ ಹಗ್ಗ. ನೀವು ಚೆಂಡನ್ನು ಕೈಯಲ್ಲಿ ಹಿಡಿದು ಅಡ್ಡಡ್ಡ ನಡೆಯಿರಿ. ಅವರೂ ನಡೆಯಲಿ, ಓಡುವುದು ಬೇಡ. ಹಗ್ಗ ಜೋಲು ಬೀಳಬಾರದು, ಕೈಯಿಂದ ಜಾರಲೂಬಾರದು. ಚೆಂಡು ಯಾರ ಎದುರಿಗೆ ಬಂತೋ ಅವನು ಎರಡು ಹೆಜ್ಜೆ ಮುಂದೆ, ಅಕ್ಕಪಕ್ಕದವರು ಅವನ ಬೆನ್ನ ಹಿಂದೆ ಓರೆಯಾಗಿ. ನಾಲ್ಕು ದಿನ ಬರೀ ಇಷ್ಟು ಮಾಡಿಸಿ. ಹುಡುಗರು ಬೇಸರಪಡುತ್ತಾರೆ, ಬಿಡಬೇಡಿ. ಐದನೇ ದಿನ ಹಗ್ಗ ತೆಗೆಯಿರಿ, ಆಮೇಲೆ ಚೆಂಡು ನೆಲಕ್ಕಿಳಿಸಿ ಆರು ಜನ ಎದುರಾಳಿಗಳನ್ನು ಬಿಡಿ.

ಆಗ ಒಬ್ಬ ಹುಡುಗ ಖಂಡಿತ ಕೇಳುತ್ತಾನೆ, ಆ ಕಡೆ ಅವರ ಆಟಗಾರ ಖಾಲಿ ನಿಂತಿದ್ದಾನಲ್ಲ ಸರ್ ಎಂದು. ಒಳ್ಳೆಯ ಪ್ರಶ್ನೆ, ನಿಧಾನವಾಗಿ ಬಿಡಿಸಿ ಹೇಳಿ. ಮೈದಾನ ಅರವತ್ತು ಮೀಟರ್ ಅಗಲವಿದ್ದರೆ ನಾಲ್ವರು ಹತ್ತತ್ತು ಮೀಟರಿಗೆ ನಿಂತರೂ ಮೂವತ್ತೇ ಮೀಟರ್ ಮುಚ್ಚಬಹುದು. ಉಳಿದ ಮೂವತ್ತು ಬಿಟ್ಟುಕೊಡಲೇಬೇಕು, ಚೆಂಡಿನಿಂದ ದೂರದ ಬದಿಯನ್ನು ಬಿಡಿ. ಆ ವಯಸ್ಸಿನ ಹುಡುಗ ನಲವತ್ತು ಮೀಟರ್ ಅಡ್ಡಲಾಗಿ ನಿಖರವಾಗಿ ಹೊಡೆಯುವುದು ಅಪರೂಪ. ಹೊಡೆದರೂ ಚೆಂಡು ಗಾಳಿಯಲ್ಲಿರುವಾಗ ನಿಮ್ಮ ಸಾಲು ಸರಿದುಕೊಳ್ಳಬಹುದು. ನಡುವೆ ಬಿಟ್ಟ ಜಾಗ ಮಾತ್ರ ನೇರ ಗೋಲಿಗೆ ದಾರಿ.

ಮುಂದೆ ಯಾವಾಗ ಬರಬೇಕು, ಹಿಂದೆ ಯಾವಾಗ ಸರಿಯಬೇಕು ಅನ್ನುವುದಕ್ಕೆ ನಾನು ಒಂದೇ ಗುರುತು ಕೊಡುತ್ತೇನೆ. ಚೆಂಡು ಇದ್ದವನು ತಲೆ ಎತ್ತಿ ಮುಂದೆ ನೋಡುತ್ತಿದ್ದಾನೆ, ಅವನ ಹತ್ತಿರ ನಮ್ಮವರು ಯಾರೂ ಇಲ್ಲ ಅಂದರೆ ಇಡೀ ಸಾಲು ಹಿಂದೆ. ಅವನು ನಮಗೆ ಬೆನ್ನು ಹಾಕಿದ, ಚೆಂಡು ಕಾಲಿನಿಂದ ದೂರ ಪುಟಿಯಿತು, ಇಲ್ಲಾ ಹಿಂದಕ್ಕೆ ಪಾಸ್ ಕೊಟ್ಟ ಅಂದರೆ ಇಡೀ ಸಾಲು ಮುಂದೆ. ಫಾರ್ವರ್ಡ್‌ಗಳೂ ಈ ಲೆಕ್ಕದಲ್ಲಿ ಸೇರಿದವರೇ.

ಹೀಗೆ ಇಡೀ ಸಾಲು ಒಟ್ಟಿಗೆ ಸರಿಯುವುದನ್ನು ಜಗತ್ತಿಗೆ ತೋರಿಸಿಕೊಟ್ಟವರು ಇಟಲಿಯ ಎಸಿ ಮಿಲಾನ್ ಕ್ಲಬ್ಬಿನ ಕೋಚ್ ಆಗಿದ್ದ ಅರಿಗೊ ಸಾಕಿ. ಮ್ಯಾನ್ ಮಾರ್ಕಿಂಗೇ ವೇದವಾಗಿದ್ದ ಇಟಲಿಯಲ್ಲಿ ಅವರು 4-4-2 ಸಾಲು ಹಿಡಿದು 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದರು. ಚೆಂಡು, ಜಾಗ, ಎದುರಾಳಿ, ಜೊತೆಗಾರ, ಈ ನಾಲ್ಕನ್ನೂ ನೋಡಿ ನಿಲ್ಲಬೇಕು ಎನ್ನುತ್ತಿದ್ದರು. ಕೊನೆಯ ಡಿಫೆಂಡರಿನಿಂದ ಮೊದಲ ಫಾರ್ವರ್ಡ್‌ವರೆಗೆ ಸುಮಾರು 25 ಮೀಟರ್ ಅವರ ಅಳತೆ. ಬರೇಸಿ, ಮಾಲ್ದಿನಿಯಂಥ ಹೆಸರಾಂತ ಡಿಫೆಂಡರ್‌ಗಳಿಗೂ ಚೆಂಡಿಲ್ಲದೆ ಸಾಲು ಸರಿಸುವ ಅಭ್ಯಾಸ ಮಾಡಿಸಿದ್ದಾರೆ. ಹಗ್ಗ ಹಿಡಿದು ನಡೆಯಲು ನಿಮ್ಮ ಹುಡುಗರು ನಾಚಿಕೊಂಡರೆ ಈ ಮಾತು ಹೇಳಿ.

ಕಬಡ್ಡಿಯಿಂದ ತರಬಾರದ್ದೂ ಒಂದಿದೆ: ಕಾಲಿಗೆ ಬೀಳುವ ಚಟ. ಅಲ್ಲಿ ಪಾದ ಹಿಡಿದರೆ ಪಾಯಿಂಟು, ಇಲ್ಲಿ ಸ್ಲೈಡ್ ಹೊಡೆದು ನೆಲಕ್ಕೆ ಬಿದ್ದ ಡಿಫೆಂಡರ್ ಅಷ್ಟು ಹೊತ್ತು ಇಲ್ಲದವನೇ. ಎರಡು ಗಜ ಅಂತರದಲ್ಲಿ ಓರೆ ನಿಂತು, ಮಂಡಿ ಬಗ್ಗಿಸಿ, ಚೆಂಡು ಇದ್ದವನು ಸೈಡ್‌ಲೈನ್ ಕಡೆಗೇ ಹೋಗುವಂತೆ ಮಾಡುತ್ತ ಹಿಂದೆ ಸರಿಯಲಿ. ಜೊತೆಗಾರರು ಬಂದು ಸೇರುವಷ್ಟು ಹೊತ್ತು ತಡೆದರೆ ಡಿಫೆಂಡರಿನ ಕೆಲಸ ಆಯಿತು.

ಪೆನಾಲ್ಟಿ ಬಾಕ್ಸಿನೊಳಗೆ ಬದಿಯಿಂದ ಕ್ರಾಸ್ ಬರುವಾಗ ಮಾತ್ರ ಹತ್ತಿರದ ಎದುರಾಳಿಯನ್ನು ಅಂಟಿಕೊಂಡೇ ನಿಲ್ಲಬೇಕು. ಎದುರಾಳಿ ಆಫ್‌ಸೈಡ್ ಆಗಲೆಂದು ಇಡೀ ಸಾಲು ಒಟ್ಟಿಗೆ ಮುಂದೆ ಬರುವ ಆಫ್‌ಸೈಡ್ ಬಲೆ ಈ ವಯಸ್ಸಿಗೆ ಬೇಡವೇ ಬೇಡ. ಶಾಲಾ ಮ್ಯಾಚುಗಳಲ್ಲಿ ಸೈಡ್‌ಲೈನಿನ ಬಾವುಟ ಸರಿಯಾದ ಹೊತ್ತಿಗೆ ಏಳುತ್ತದೆಂದು ನಂಬಿ ಸಾಲು ನಿಲ್ಲಿಸಿದರೆ ಕೀಪರ್ ಒಂಟಿಯಾಗುತ್ತಾನೆ. ಇನ್ನು ನೆಲ. ನಮ್ಮಲ್ಲಿ ಮಳೆಗಾಲ ಜೋರು, ಕೆಸರಿನಲ್ಲಿ ಚೆಂಡು ನಿಂತುಬಿಡುತ್ತದೆ, ಕೀಪರಿಗೆ ಪಾಸ್ ಕೊಡಲು ನಾನು ಬಿಡುವುದಿಲ್ಲ. ನಿಮ್ಮ ಮೈದಾನ ಒಣಗಿ ಗಟ್ಟಿಯಾಗಿದ್ದರೆ ಚೆಂಡು ತಲೆಯ ಮೇಲೆ ಪುಟಿದು ಹಾರುತ್ತದೆ, ಅಂಥ ದಿನ ಸಾಲನ್ನು ಐದಾರು ಮೀಟರ್ ಹಿಂದೆಯೇ ಇಡಿ.

ಸೆಂಟರ್ ಬ್ಯಾಕ್ ಆರಿಸುವಾಗ ಎತ್ತರ ನೋಡುವ ಮೊದಲು ಬಾಯಿ ನೋಡಿ. ನನ್ನ ಈಗಿನ ಟೀಮಿನಲ್ಲಿ ಆ ಜಾಗದಲ್ಲಿ ಇರುವವನು ಎಲ್ಲರಿಗಿಂತ ಗಿಡ್ಡ. ಆದರೆ ಇಡೀ ಮ್ಯಾಚು "ಒಳಗ ಬಾ, ಒಳಗ ಬಾ, ಇನ್ನೊಂದು ಹೆಜ್ಜಿ" ಎಂದು ಕೂಗುತ್ತಲೇ ಇರುತ್ತಾನೆ. ಹಗ್ಗ ತೆಗೆದ ಮೇಲೆ ಹಗ್ಗದ ಕೆಲಸ ಮಾಡುವುದು ಅವನ ದನಿ.